ಆನೆಯ ಮಗಳು ಏನು ಬಾರಿಸುತ್ತಾಳೆ?

ಬಾಗಲಕೋಟೆಯಿಂದ ಬಾದಾಮಿಯವರೆಗೆ ಅಂಗಡಿಗಳ ನೆತ್ತಿಯ ಮೇಲಿರುವ ಅಕ್ಷರಗಳೆಲ್ಲ ನನ್ನ ಕುಂಚದವು. ನಾನು ಬರೆದ ‘ಕಿರಾಣಿ’ಯನ್ನು ಎತ್ತುಗಳು ನಿಂತು ಓದಿದ್ದನ್ನು ಕಂಡವರಿದ್ದಾರೆ. ಆದರೆ ಬೋರ್ಡು ಬರೆಯುವುದು ಹೊಟ್ಟೆಪಾಡು. ನನ್ನ ಆಸ್ತಿಯೆಲ್ಲ ಒಂದು ಬಿಸ್ಕೀಟು ಡಬ್ಬಿಯಲ್ಲಿದೆ: ಮಕ್ಕಳಾಡುವ ಹಳೆಯ ಆಟದ ಎಲೆಗಳು.

ರಾಜ ರಾಣಿಯ ಇಸ್ಪೀಟು ಅಲ್ಲ. ನಮ್ಮಪ್ಪ ಹುಟ್ಟುವ ಮೊದಲೇ ಯಾವನೋ ಪುಣ್ಯಾತ್ಮ ಕಲ್ಲಚ್ಚಿನಲ್ಲಿ ತೆಗೆದ ಪ್ರಾಣಿಗಳ ಆಟ. ಎಂಟು ಮನೆತನ, ಮನೆಗೆ ನಾಲ್ಕು ಎಲೆ: ಅಪ್ಪ, ಅವ್ವ, ಮಗ, ಮಗಳು. ಕತ್ತೆಗಳು ಶಾಲೆಯ ಮಾಸ್ತರರು, ನರಿಗಳು ವಕೀಲರು, ಆನೆಗಳು ಬಜಂತ್ರಿಯವರು. ನರಿಯಪ್ಪನ ಕರಿ ಕೋಟಿನ ಮೂರನೆಯ ಗುಂಡಿ ದಾರ ಸಡಿಲಾಗಿ ಜೋತುಬಿದ್ದಿದೆ. ಹೆಬ್ಬೆರಳಿನಷ್ಟು ಜಾಗದಲ್ಲಿ ಒಂದು ಸಡಿಲ ಗುಂಡಿ! ಅದನ್ನು ನೋಡಿದ ದಿನ ನಾನು ಊಟ ಬಿಟ್ಟೆ.

ಡಬ್ಬಿ ನನಗೆ ಸಿಕ್ಕಿದ್ದು ಎಪ್ಪತ್ತೊಂದನೆಯ ಇಸವಿಯಲ್ಲಿ, ಬಾದಾಮಿಯ ಒಂದು ಅಟ್ಟದಲ್ಲಿ. ಮೂವತ್ತೆರಡರಲ್ಲಿ ಮೂವತ್ತೊಂದು ಎಲೆ. ಆನೆಯ ಮಗಳು ಇರಲಿಲ್ಲ. ಆನೆಯಪ್ಪ ಡೊಳ್ಳು ಬಡಿಯುತ್ತಾನೆ, ಅವ್ವ ಸನಾಯಿ ಊದುತ್ತಾಳೆ, ಮಗ ತಾಳ ಹಾಕುತ್ತಾನೆ. ಮಗಳು ಏನು ಬಾರಿಸುತ್ತಾಳೆ? ಎಂಟು ವರ್ಷ ಈ ಚಿಂತೆಯಲ್ಲಿ ನಾನು ಎರಡೂ ಕಣ್ಣು ಒಟ್ಟಿಗೆ ಮುಚ್ಚಿಲ್ಲ. ಪಾಳಿ ಹಚ್ಚಿ ಒಂದೊಂದನ್ನೇ ಮುಚ್ಚಿದ್ದೇನೆ.

ಎಪ್ಪತ್ತೊಂಬತ್ತರಲ್ಲಿ ಇಳಕಲ್ಲಿನ ರಾಚಪ್ಪನ ಸೀರೆ ಅಂಗಡಿಗೆ ಬೋರ್ಡು ಬರೆಯಲು ಹೋದೆ. ಎರಡು ದಿನದ ಕೆಲಸ. ನಿಚ್ಚಣಿಕೆ ಏರಿ ಹೊರಳಿ ನೋಡಿದರೆ, ಎದುರು ಮನೆಯ ಕಟ್ಟೆಯ ಮೇಲೆ ಗುರುಲಿಂಗವ್ವನೆಂಬ ಮುದುಕಿ ಮೊಮ್ಮಗಳ ಮದುವೆಯ ಕರಿ ಸೀರೆಗೆ ಕಸೂತಿ ಹಾಕುತ್ತಿದ್ದಳು. ಪಕ್ಕದಲ್ಲಿ ಕೆಂಪು ರೇಷ್ಮೆ ನೂಲು ಸುತ್ತಿದ ಒಂದು ರಟ್ಟು. ನೂಲಿನ ಮೇಲ್ಗಡೆ ರಿಬ್ಬನ್ನು ಕಟ್ಟಿದ ಬೂದು ನೆತ್ತಿ, ಕೆಳಗಡೆ ಗೆಜ್ಜೆ ಕಟ್ಟಿದ ಎರಡು ಕಂಬದಂಥ ಕಾಲು. ನಾನು ನಿಚ್ಚಣಿಕೆಯಿಂದ ಇಳಿಯಲಿಲ್ಲ, ಹಾರಿದೆ.

“ಅವ್ವಾರ, ಆ ಎಲಿ ಒಂದೀಟು ಬಿಚ್ಚಿ ತೋರಸ್ರಿ!”

“ಬಿಚ್ಚಿದ್ರ ರೇಷ್ಮಿ ಸಿಕ್ಕ ಬೀಳ್ತದ, ತಮ್ಮಾ. ಕಸೂತಿ ಮುಗೀಲಿ, ನೋಡುವಂತಿ.”

“ಆಕಿ ಕೈಯಾಗ ಏನೈತಿ, ಅಷ್ಟರ ಹೇಳ್ರಿ. ತುತ್ತೂರಿಯೋ, ತಂಬೂರಿಯೋ?”

“ನಮ್ಮತ್ತಿ ಕಾಲದಿಂದ ಆಕೀನ್ನ ನೋಡೇನಿ. ಹೇಳಂಗಿಲ್ಲ ಹೋಗು.”

ಸಿಗರೇಟು ಪೆಟ್ಟಿಗೆಯ ರಟ್ಟು ಕತ್ತರಿಸಿ ಕೊಟ್ಟು, ನೂಲನ್ನು ಇದಕ್ಕೆ ಸುತ್ತಿಕೊಳ್ಳಿರಿ ಎಂದೆ. ಅವಳು ಅದರ ಅಂಚಿನ ಮೇಲೆ ಬೆರಳಾಡಿಸಿ ಬಿಸಾಡಿದಳು. ಒರಟು ಅಂಚು ರೇಷ್ಮೆಯನ್ನು ಹಿಂಜುತ್ತದೆ. ಆ ಹಳೆಯ ಎಲೆಯ ಅಂಚಾದರೆ ಬೆಣ್ಣೆ.

ಮೂರನೆಯ ದಿನಕ್ಕೆ ಬೋರ್ಡು ಮುಗಿಯಿತು. ಊರಿಗೆ ಹೋಗಲು ಕಾಲು ಏಳಬೇಕಲ್ಲ? ‘ಸೀರೆ’ ಸೊಟ್ಟಗಾಗಿದೆ ಎಂದು ಅಳಿಸಿ ಮತ್ತೆ ಬರೆದೆ. ಮತ್ತೆ ಅಳಿಸಿದೆ.

“ಏನಲೇ ಈರಪ್ಪ,” ರಾಚಪ್ಪ ಕೆಳಗಿನಿಂದ ಕೂಗಿದ, “ಬೋರ್ಡ ಬರ್ಯಾಕ ಬಂದೀಯೋ, ಅಳಸಾಕ ಬಂದೀಯೋ? ಮಗ್ಗದಾಗ ಸೀರಿ ನೇದ ಮುಗೀತು, ನಿನ್ನ ‘ಸೀರೆ’ ಮುಗೀವಲ್ದು!”

ಐದನೆಯ ದಿನ ನೂಲು ಕರಗಿ ರಿಬ್ಬನ್ನಿನ ಕೆಳಗೆ ಹುಬ್ಬು ಕಂಡಿತು. ನನಗೆ ಒಂದು ಕಡೆ ಕೂರಲಾಗಲಿಲ್ಲ. ಕಟ್ಟೆಯ ತುದಿಯಿಂದ ತುದಿಗೆ ಎಷ್ಟು ಅಡ್ಡಾಡಿದೆನೆಂದರೆ, ಇಳಕಲ್ಲಿನ ಗ್ರಾನೈಟು ಸವೆದು ಪಾಲಿಶಿನ ಕೆಲಸ ಉಳಿಯಿತು. ಮುದುಕಿಯ ಕೈ ಓಡಲೆಂದು ಮಾತು ತೆಗೆದೆ.

“ನನ್ನ ಕಡೆ ಇಂಥಾವು ಹನ್ನೆರಡು ಸಾವಿರ ಎಲಿ ಅದಾವ್ರಿ. ನೋಡಾಕ ಮುಂಬಯಿಯಿಂದ ಮಂದಿ ರೈಲು ತುಂಬಿ ಬರ್ತಾರ.”

“ಹನ್ನೆರಡು ಸಾವಿರ?” ಎಂದಳು ಗುರುಲಿಂಗವ್ವ. ತಕ್ಷಣ ಸೂಜಿ ನಿಂತಿತು. “ಅಯ್ಯ ನಿನ್ನ! ನಿನ್ನ ಸಾವಿರದಾಗ ನನ್ನ ಎಳಿ ಎಣಿಕಿ ತಪ್ತು ನೋಡು.”

ಕಸೂತಿಯಲ್ಲಿ ಒಂದು ಎಳೆ ತಪ್ಪಿದರೆ ಸೆರಗಿನ ಮೇಲೆ ಹೊಲಿದ ಗೋಪುರವೆಲ್ಲ ವಾಲುತ್ತದೆ. ಗಂಟು ಹಾಕದ ಹೊಲಿಗೆ, ಬಿಚ್ಚಿದರೆ ಸರಸರ ಬರುತ್ತದೆ. ಎರಡು ದಿನದ ಹೊಲಿಗೆ ಬಿಚ್ಚಿ, ಆ ತುಂಡು ನೂಲುಗಳನ್ನೆಲ್ಲ ಅವಳು ಮತ್ತೆ ಎಲೆಗೇ ಸುತ್ತಿದಳು. ಹುಬ್ಬು ಮುಳುಗಿತು, ರಿಬ್ಬನ್ನೂ ಅರ್ಧ ಮುಳುಗಿತು. ಅಂದಿನಿಂದ ಬಾಯಿ ಹೊಲಿದುಕೊಂಡು ಸೂಜಿಗೆ ದಾರ ಪೋಣಿಸಿಕೊಡುತ್ತ ಕೂತೆ. ನನ್ನಂಥವನು ನಾಲ್ಕು ದಿನ ಮಾತಾಡದೇ ಇರುವುದೆಂದರೆ ಕೃಷ್ಣೆ ಹಿಂದಕ್ಕೆ ಹರಿದ ಹಾಗೆ.

ಒಂಬತ್ತನೆಯ ದಿನ ಮಧ್ಯಾಹ್ನ ಕೊನೆಯ ಸುತ್ತು ಬಿಚ್ಚಿತು.

ಆನೆಯ ಮಗಳು ಏನನ್ನೂ ಬಾರಿಸುತ್ತಿರಲಿಲ್ಲ. ಮೊರದಂಥ ಕಿವಿಗಳನ್ನು ಎರಡೂ ಕೈಯಿಂದ ಮಡಚಿ ಮುಚ್ಚಿಕೊಂಡು, ಕಣ್ಣು ಬಿಗಿಹಿಡಿದು, ಸೊಂಡಿಲನ್ನು ಜಿಲೇಬಿಯಂತೆ ಸುತ್ತಿಕೊಂಡು ನಿಂತಿದ್ದಳು. ಅಂಚೆಲ್ಲ ಹಳದಿಗಟ್ಟಿತ್ತು. ನೂಲಿನಡಿ ಬಿಸಿಲು ಕಾಣದ ಕಿವಿಯ ಗುಲಾಬಿ ಬಣ್ಣ ಮಾತ್ರ ಇನ್ನೂ ಹಸಿ ಇದೆಯೇನೋ ಎಂಬಂತಿತ್ತು. ಮುಟ್ಟಿ ಬೆರಳು ನೋಡಿಕೊಂಡೆ. ಬಣ್ಣದವನು ನಾನು, ಆ ಗುಲಾಬಿ ನನಗೆ ಏಳು ಜನ್ಮಕ್ಕೂ ಕಲೆಸಲಿಕ್ಕೆ ಬರುವುದಿಲ್ಲ. ಇದೊಂದನ್ನು ಮಾತ್ರ ನಾನು ಹೆಚ್ಚಿಸಿ ಹೇಳುತ್ತಿಲ್ಲ.

“ಆಕೀನ್ನ ನನಗ ಕೊಡ್ರಿ, ಅವ್ವಾರ.”

“ಒಯ್ಯಿ. ಆದ್ರ ನಾಳಿ ಹಸರು ನೂಲು ಯಾತಕ್ಕ ಸುತ್ತಲಿ? ನಿನ್ನ ಹನ್ನೆರಡು ಸಾವಿರದಾಗ ಒಂದು ಕೊಡು.”

ಎಲ್ಲಿ ಹೋದರೂ ಕುಂಚದ ಚೀಲದಲ್ಲೇ ಇರುವ ಡಬ್ಬಿ ತೆಗೆದೆ. ಅವಳು ಎಳೆ ಎಣಿಸುವ ಕಣ್ಣಲ್ಲೇ ಎಣಿಸಿದಳು. “ಮೂವತ್ತೊಂದು.”

“ಉಳದಾವು ಬಾಗಲಕೋಟಿ ಮನ್ಯಾಗ ಅದಾವ್ರಿ.”

“ಹಂಗಾರ ಒಂದ್ ಹೋದ್ರ ಏನಾತು?”

ಇರುವುದೇ ಇಷ್ಟು ಎಂಬ ಮಾತು ಗಂಟಲವರೆಗೆ ಬಂತು. ಎದುರಿಗೆ ರಾಚಪ್ಪ ನಿಂತಿದ್ದ, ನುಂಗಿಕೊಂಡೆ. ಗುರುಲಿಂಗವ್ವ ಎಲೆಗಳನ್ನು ಸರಿಸಿ ಸರಿಸಿ ಡೊಳ್ಳಿನ ಆನೆಯಪ್ಪನನ್ನು ಎತ್ತಿದಳು.

“ಅಪ್ಪನ್ನ ಬ್ಯಾಡ್ರಿ! ಕತ್ತಿ ಮಾಸ್ತರನ್ನ ತಗೋರಿ.”

“ಕತ್ತಿ ಪಾಪ ಸುಮ್ಮ ಕುಂತದ. ಗದ್ಲಾ ಮಾಡಾಂವ ಇವ.” ನನ್ನ ಕಣ್ಣೆದುರೇ ಹಸಿರು ರೇಷ್ಮೆ ತೆಗೆದು ಡೊಳ್ಳಿನ ಮೇಲೆ ಸುತ್ತತೊಡಗಿದಳು. “ಇನ್ನರ ಆ ಹುಡುಗಿ ಕೈ ಇಳಸ್ಲಿ.”

ಹುನಗುಂದದ ಬಸ್ಸಿನಲ್ಲಿ ಡಬ್ಬಿಯನ್ನು ಮೂರು ಸಲ ತೆಗೆದು ನೋಡಿದೆ. ಆನೆಯ ಮಗಳು ಬಂದರೂ ಮತ್ತೆ ಮೂವತ್ತೊಂದೇ. ಅವಳು ಕೈ ಇಳಿಸಿರಲಿಲ್ಲ. ಅವ್ವನ ಸನಾಯಿ ಇನ್ನೂ ಇತ್ತಲ್ಲ. ಹಸಿರು ನೂಲು ಎಂದು ಮುಗಿದೀತು ಎಂದು ನಾನು ಆಗಲೇ ಲೆಕ್ಕ ಹಾಕುತ್ತಿದ್ದೆ.

ಪಕ್ಕದಲ್ಲಿ ಕೂತವನು ಇಣುಕಿ, “ಭಾಳ ಚಂದ ಅದಾವಲ್ರಿ. ಇಂಥಾವು ಎಷ್ಟು ಅದಾವ ನಿಮ್ಮ ಕಡೆ?” ಎಂದ.

“ಹದಿನೈದು ಸಾವಿರ,” ಎಂದೆ.

ಹುಡುಗಿ ಕಿವಿಗಳನ್ನು ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡಂತೆ ಕಂಡಿತು. ಡಬ್ಬಿ ಮುಚ್ಚಿದೆ.