ಒಂದೇ ಸಲ ಓಡುವ ಕ್ಯಾಸೆಟ್ಟು

ಹಳೆಯ ವಿಡಿಯೋ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಅಂಗಡಿಯವನಿಗೆ ಹೆಂಡತಿಯೇ ಇಟ್ಟ ಹೆಸರು ಅವಸರದಪ್ಪ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಆಕೆ ಮೂದಲಿಸಿದಾಗಲೆಲ್ಲ ಅವನು ನಗುತ್ತಿದ್ದ. ಪುಣ್ಯಾತ್ಮ, ಆ ದಿನವೂ ನಕ್ಕ.

ಬೆಳಿಗ್ಗೆ ಬಂದ ಟೀಚರಮ್ಮ ಕ್ಯಾಸೆಟ್ಟನ್ನು ಕೊಡಲೂ ಮನಸ್ಸಿಲ್ಲದೆ ಎದೆಗೊತ್ತಿಕೊಂಡು ನಿಂತಿದ್ದಳು. "ಇದ್ರಲ್ಲಿ ನಮ್ಮಮ್ಮ ಇದ್ದಾರಂತೆ ಅಣ್ಣ. ನಾನು ತೊಟ್ಟಿಲಲ್ಲಿರುವಾಗ್ಲೇ ತೀರಿಕೊಂಡ್ರು. ಅವರ ದನಿ ಹೇಗಿತ್ತು ಅಂತ ಒಂದ್ಸಲ ಕೇಳ್ಬೇಕು, ಅಷ್ಟೇ."

ಅವನು ಮುಚ್ಚಳ ಎತ್ತಿ ನೋಡಿದ. ಟೇಪಿನ ತುಂಬ ಬಿಳಿ ಬೂಷ್ಟು. "ಎಷ್ಟೇ ಒರೆಸಿದ್ರೂ ಇದು ಒಂದೇ ಸಲ ಓಡೋದಮ್ಮ. ಆಮೇಲೆ ಇದರ ಕಥೆ ಮುಗೀತು" ಅಂದ. ಹೇಳುವಾಗ ಅವನಿಗೇ ಯಾಕೋ ಅಳುಕಾಯಿತು.

ಮೊದಲು ಯಾರದೋ ಮದುವೆಯ ಕ್ಯಾಸೆಟ್ಟು ಹಾಕಿ, ಪ್ಲೇಯರಿನ ಚಿತ್ರವನ್ನೂ ದನಿಯನ್ನೂ ಕಂಪ್ಯೂಟರಿಗೆ ಇಳಿಸುವ ಕ್ಯಾಪ್ಚರ್ ಕಾರ್ಡನ್ನು ಪರೀಕ್ಷಿಸಿದ. ಪರದೆ ಕಪ್ಪಗಿತ್ತು. ಸೆಟ್ಟಿಂಗ್ಸ್ ತೆರೆದು, ವಿಡಿಯೋ ಇನ್‌ಪುಟ್ಟನ್ನು ಹಳದಿ ವೈರಿನ ಕಾಂಪೋಸಿಟ್‌ಗೆ ಬದಲಿಸಿದ. ಚಿತ್ರ ಬಂತು, ಬಣ್ಣವಿಲ್ಲ. ಟೀವಿ ಪದ್ಧತಿಯ ಪಟ್ಟಿಯಲ್ಲಿ ನಮ್ಮ ಕಡೆಯ ಪಾಲ್ ಅನ್ನುವುದನ್ನು ಒತ್ತಿದ. ಬಣ್ಣವೂ ಬಂತು. ಅದರ ಕೆಳಗೇ ಆಡಿಯೋ ಇನ್‌ಪುಟ್ ಅನ್ನುವ ಸಾಲಿತ್ತು. ಹಿಂದಿನ ದಿನ ಚಪ್ಪಲಿ ಅಂಗಡಿಯ ಜಾಹೀರಾತಿಗೆ ತನ್ನದೇ ದನಿ ಕೊಟ್ಟಿದ್ದನಲ್ಲ, ಆ ಸಾಲು ಇನ್ನೂ ಕ್ಯಾಸೆಟ್ಟಿನ ದನಿಗೆ ಬದಲಾಗದೆ ಮೈಕಿನಲ್ಲೇ ಇತ್ತು. ಅವನು ಅತ್ತ ನೋಡಲಿಲ್ಲ. ಮದುವೆ ವಾಲಗ ಕೇಳಿ ಕೇಳಿ ತಲೆ ಚಿಟ್ಟು ಹಿಡಿದು, ಕೆಲಸದ ಹೊತ್ತಿನಲ್ಲಿ ಸ್ಪೀಕರ್ ಆರಿಸಿಡುವುದು ಅವನ ಅಭ್ಯಾಸ.

"ಸೌಂಡೂ ಒಂದ್ಸಲ ನೋಡ್ರೀ" ಅಂದಳು ಅಂಗಡಿಯಲ್ಲೇ ಕೂತಿದ್ದ ಹೆಂಡತಿ.

"ಚಿತ್ರ ಬಂತಲ್ಲೇ, ದನಿ ಎಲ್ಲಿಗೆ ಓಡಿಹೋಗತ್ತೆ?"

ಟೀಚರಮ್ಮನ ಕ್ಯಾಸೆಟ್ಟು ಓಡಿತು. ಎಳೆ ವಯಸ್ಸಿನ ಹೆಂಗಸೊಬ್ಬಳು ತೊಟ್ಟಿಲಿಗೆ ಬಾಗಿ ಏನೋ ಹೇಳುತ್ತಿದ್ದಳು. ಪ್ಲೇಯರ್ ಕರಕರ ಅನ್ನತೊಡಗಿತು. ಟೇಪಿನಿಂದ ಕಂದು ಪುಡಿ ಉದುರಿತು. ಕೊನೆಯ ಚಿತ್ರ ಮುಗಿಯುತ್ತಿದ್ದಂತೆ ಟೇಪು ತುಂಡಾಗಿ ಒಳಗೇ ಸುತ್ತಿಕೊಂಡಿತು. ಸದ್ಯ, ಪೂರ್ತಿ ಬಂತು ಅಂದುಕೊಂಡು ಹೆಡ್‌ಫೋನ್ ಹಾಕಿದ.

ತಾಯಿಯ ತುಟಿ ಅಲುಗುತ್ತಿತ್ತು. ಕಿವಿಗೆ ಕೇಳಿದ್ದು ಅಂಗಡಿಯ ಫ್ಯಾನು, ಅವನದೇ ಕೆಮ್ಮು, ಆಕಳಿಕೆ.

ಸೆಟ್ಟಿಂಗ್ಸ್ ತೆರೆದು ನೋಡಿದ, ಆಡಿಯೋ ಇನ್‌ಪುಟ್ ಮೈಕಿನಲ್ಲಿತ್ತು. ಟೇಪನ್ನು ಬಿಡಿಸಲು ನೋಡಿದರೆ ಬೆರಳಿಗೆ ಬರೀ ಪುಡಿ ಹತ್ತಿತು.

"ಇದ್ದದ್ದು ಇದ್ದಹಾಗೆ ಹೇಳಿಬಿಡಿ" ಅಂದಳು ಹೆಂಡತಿ.

"ಸುಮ್ನಿರೇ" ಎಂದು ಗದರಿ, ಅವನು ಫೈಲಿನಿಂದ ಸದ್ದನ್ನೆಲ್ಲ ಅಳಿಸಿದ.

ಸಂಜೆ ಟೀಚರಮ್ಮ ಬಂದಳು. "ಈ ಟೇಪಲ್ಲಿ ದನಿಯೇ ಇರಲಿಲ್ಲಮ್ಮ. ಮೊದಲಿಂದಲೂ ಮೂಕವೇ" ಅಂದ.

ಅವಳು ಪರದೆಯಲ್ಲಿ ಅಲುಗುತ್ತಿದ್ದ ಅಮ್ಮನ ತುಟಿಗಳನ್ನೇ ನೋಡಿದಳು. ಅಳಲಿಲ್ಲ. ಫೋನು ತೆಗೆದು, "ಅಪ್ಪಾ, ಅಮ್ಮ ನನ್ನ ಹೆಸರು ಹಿಡಿದು ಕರೆಯೋದು ಇದ್ರಲ್ಲಿ ಕೇಳತ್ತೆ ಅಂತಿದ್ರಲ್ಲ, ಯಾಕೆ ಸುಳ್ಳು ಹೇಳಿದ್ರಿ? ಅಮ್ಮನ ಬಗ್ಗೆ ಹೇಳಿದ್ದೆಲ್ಲ ಹೀಗೇನಾ?" ಅಂದಳು. ಆ ಕಡೆಯ ಉತ್ತರ ಅವಳಿಗೆ ಒಪ್ಪಿಗೆಯಾಗಲಿಲ್ಲ. "ಅಂಗಡಿಯವರನ್ನೇ ಕೇಳಿ" ಎಂದು ಫೋನನ್ನು ಅವನ ಕೈಗಿತ್ತಳು.

ಹೆಂಡತಿ ಅವನನ್ನೇ ನೋಡುತ್ತಿದ್ದಳು.

"ಹೌದು ಯಜಮಾನ್ರೆ" ಅಂದ ಅವನು. "ದನಿ ಇರಲಿಲ್ಲ."



"ಹಾಗಾದ್ರೆ ನಾನೇ ಕಲ್ಪಿಸ್ಕೊಂಡಿದ್ದೇನೋಪ್ಪಾ" ಅಂದರು ಆ ಕಡೆಯಿಂದ ಮುದುಕರು.