ಹುಳುಮನೆಯ ಹೊಸ್ತಿಲು

ಧನಗೆರೆಯ ವೀರಮ್ಮನವರ ಹುಳುಮನೆಯಲ್ಲಿ ಬೆಳಗಿನಿಂದಲೂ ಜಿನುಗುಮಳೆ ಹಿಡಿದಂಥ ಸದ್ದು. ರೇಷ್ಮೆಹುಳುಗಳು ಸೊಪ್ಪು ಮೇಯುವ ಸದ್ದು ಅದು. ಅದರೊಳಗೆ ಓಡಾಡುವಾಗ ಸೊಸೆ ಕೋಮಲಳಿಗೆ ತಾನು ನಿದ್ದೆಯಲ್ಲಿ ನಡೆಯುತ್ತಿದ್ದೇನೆ ಅನಿಸುತ್ತಿತ್ತು. ಕಣ್ಣು ಮಾತ್ರ ಬಾಗಿಲ ಕಡೆಗೇ ಇರುತ್ತಿತ್ತು.

ಬಾಗಿಲಾಚೆ ಚಿಕ್ಕನಿಂಗಮ್ಮ ಮತ್ತು ಅವಳ ಕೇರಿಯ ಹೆಂಗಸರು ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ ಹಿಂದೆ ಸರಿಯುತ್ತಿದ್ದರು. ಎರಡು ಕೇರಿಯ ಮಹಿಳಾ ಸಂಘಗಳು ಸೇರಿ ತೆಗೆಯುತ್ತಿದ್ದ ಮೊದಲ ಬೆಳೆ ಇದು. ತೋಟ, ಹುಳುಮನೆ ವೀರಮ್ಮನವರದು, ದುಡಿಮೆ ಎಲ್ಲರದು, ಗೂಡಿನಲ್ಲಿ ಸಮಪಾಲು. ಹಾಗೆಂದು ಒಪ್ಪಿದ ಮೇಲೆಯೇ ರೇಷ್ಮೆ ಇಲಾಖೆಯ ಮಧುಶ್ರೀ ಹುಳು ಮೇಯಿಸುವ ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆಗಳನ್ನು ಕೊಡಿಸಿದ್ದರು. ಬೆಳೆ ಕೈಗೆ ಬಂದರೆ ಎರಡೂ ಸಂಘಗಳಿಗೆ ಸೇರಿದ ದೊಡ್ಡ ಹುಳುಮನೆ ಏಳುತ್ತಿತ್ತು. ಕೆಟ್ಟರೆ ಸಂಘಗಳು ಮತ್ತೆ ಬೇರೆ ಬೇರೆ.

ಆದರೂ ಆ ಕೇರಿಯ ಹೆಂಗಸರು ಹೊಸ್ತಿಲು ದಾಟುವಂತಿರಲಿಲ್ಲ. ಹೊರಗಿನವರು ಒಳಬಂದರೆ ಹುಳುಗಳಿಗೆ ದೃಷ್ಟಿಯಾಗುತ್ತದೆಂದು ವೀರಮ್ಮ ನಂಬಿದ್ದರು. ಹೋದ ವರ್ಷ ಯಾರೂ ಒಳಬರದೆಯೂ ಹುಳುಗಳು ಊದಿ ಸತ್ತಿದ್ದನ್ನು ಕೋಮಲ ಮೆಲ್ಲಗೆ ನೆನಪಿಸಿದ್ದಳು.

ಚಿಕ್ಕನಿಂಗಮ್ಮ ಒಮ್ಮೆ ಕೇಳಿಯೇಬಿಟ್ಟಿದ್ದಳು. "ಸೊಪ್ಪು ನಮ್ ಕೈದೇ ತಿಂತವಲ್ಲ ಅಮ್ಮಾರೆ. ಕೈಗಿಲ್ದ ದೃಷ್ಟಿ ಕಾಲಿಗಾ?"

"ನಮ್ಮತ್ತೆ ಕಾಲದಿಂದ ನಡ್ಕಂಡ್ ಬಂದದ್ದು ಕಣೆ ನಿಂಗಿ. ನಾಳೆ ಬೆಳೆ ಕೆಟ್ರೆ ಊರೋರು ನಿನ್ನೇ ದೂರ್ತಾರೆ. ನಿನ್ ಒಳ್ಳೇದಕ್ಕೇ ಯೋಳ್ತಿರೋದು."

ಅದರಲ್ಲಿ ಸುಳ್ಳೂ ಇರಲಿಲ್ಲ. ಹೆಂಗಸರು ಇನ್ನೊಂದು ಹೊರೆ ತರಲು ತೋಟಕ್ಕೆ ಹೋಗಿದ್ದರು.

ಸೆಕೆ ಏರಿದ ಆ ಮಧ್ಯಾಹ್ನ ಮಳೆಯಂಥ ಸದ್ದು ನಿಂತುಹೋಯಿತು. ಕೋಮಲ ತಟ್ಟೆಗಳ ಮೇಲೆ ಬಾಗಿದಳು. ಹುಳುಗಳೆಲ್ಲ ಒಟ್ಟಿಗೇ ಹಣ್ಣಾಗಿ, ಗೂಡು ಕಟ್ಟುವ ಹದಕ್ಕೆ ಬಂದಿದ್ದವು. ಮೈಯೊಳಗೆ ಯಾರೋ ದೀಪ ಹಚ್ಚಿಟ್ಟಂತೆ ತಿಳಿಹಳದಿಯಾಗಿ, ತಲೆ ಎತ್ತಿ ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು. ಈಗಲೇ ಆಯ್ದು ಚಂದ್ರಿಕೆಗೆ ಬಿಡದಿದ್ದರೆ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ಇಬ್ಬರು ಆಯ್ದು ಮುಗಿಸುವ ಕೆಲಸವಲ್ಲ ಅದು, ತಮ್ಮ ಕೇರಿಯವರನ್ನು ಕರೆತರುವಷ್ಟು ಹೊತ್ತೂ ಇರಲಿಲ್ಲ.

ಸದ್ದು ನಿಂತದ್ದು ಹೊರಗೂ ಕೇಳಿಸಿತ್ತು. ಹೆಂಗಸರು ಹೊಸ್ತಿಲವರೆಗೆ ಬಂದು ನಿಂತರು.

ವೀರಮ್ಮ ಆಯಲು ತಟ್ಟೆಗೆ ಕೈ ಹಾಕಿದರು. ಬೆರಳಿಗೆ ಹತ್ತಿದ್ದ ಹುಳುವೊಂದು ಅವರ ಬಳೆಗೇ ಎಳೆ ಸುತ್ತತೊಡಗಿತು. ಅವರು ಅದನ್ನೇ ನೋಡುತ್ತ ನಿಂತರು. ಈಗ ತಾನು ಒಂದು ಮಾತು ತಪ್ಪಿ ಆಡಿದರೂ ಎಲ್ಲ ಕೆಡುತ್ತದೆ ಎಂದು ಕೋಮಲಳಿಗೆ ಅನಿಸಿತು.

ಒಳಬರುವ ಮುನ್ನ ತಾವಿಬ್ಬರೂ ಕಾಲು ತೊಳೆಯುತ್ತಿದ್ದ ಔಷಧಿ ನೀರಿನ ಬೋಗುಣಿಯನ್ನು ವೀರಮ್ಮ ಎತ್ತಿ ತಂದು ಹೊಸ್ತಿಲಾಚೆ ಇಟ್ಟರು.

"ಕಾಲ್ ತೊಳ್ಕಂಡ್ ಬಾ ನಿಂಗಮ್ಮ. ಎಲ್ರೂ ಬನ್ನಿ."

ಚಿಕ್ಕನಿಂಗಮ್ಮ ಅಲುಗಲಿಲ್ಲ. "ಬೆಳೆ ಕೆಟ್ರೆ ಅಮ್ಮಾರೆ?"

"ನಾನೂ ಒಳಗೇ ಇದ್ದೆ ಅಂತೀನಿ."

ಹೆಂಗಸರು ಕಾಲು ತೊಳೆದು ಒಳಬಂದರು. ಅಷ್ಟೊಂದು ಕೈಗಳು ತಟ್ಟೆಯಿಂದ ಚಂದ್ರಿಕೆಗೆ, ಚಂದ್ರಿಕೆಯಿಂದ ತಟ್ಟೆಗೆ ತೇಲಾಡಿದವು. ಯಾವ ಹುಳುವನ್ನು ಯಾರ ಕೈ ಎತ್ತಿತೆಂದು ಪಕ್ಕದಲ್ಲೇ ಆಯುತ್ತಿದ್ದ ಕೋಮಲಳಿಗೂ ಗೊತ್ತಾಗಲಿಲ್ಲ.

ಹೊತ್ತಿಳಿಯುವಾಗ ತಟ್ಟೆಗಳು ಬರಿದಾಗಿದ್ದವು. ಒಳಗೆ ಹುಳುಗಳು ತಮ್ಮ ಸುತ್ತ ಮಂಜಿನಂಥ ತೆಳು ಗೂಡು ಕಟ್ಟತೊಡಗಿದ್ದವು. ವೀರಮ್ಮ, ಚಿಕ್ಕನಿಂಗಮ್ಮ ಹೊಸ್ತಿಲ ಬಳಿ ಕುಸಿದು ಕೂತರು. ಚಿಕ್ಕನಿಂಗಮ್ಮನ ಕೂದಲಲ್ಲಿ ರೇಷ್ಮೆಯ ಎಳೆಯೊಂದು ಸಿಕ್ಕಿಕೊಂಡು ಹೊಳೆಯುತ್ತಿತ್ತು. ವೀರಮ್ಮ ಕೈ ಚಾಚಿ ಮೆತ್ತಗೆ ಬಿಡಿಸತೊಡಗಿದರು.

"ದೃಷ್ಟಿ ತಗೀತಿದ್ದೀರಾ ಅಮ್ಮಾರೆ?"

"ಅಲ್ಲಾಡ್ಬೇಡ," ಎಂದರು ವೀರಮ್ಮ. "ಎಳೆ ಕಿತ್ತೋಯ್ತದೆ."