ಕುರಾತರ ಮುಖ ಹುಡುಕಿದ್ದು

ಗಂಡ ಕುರಾತರ ಮಳೆಕೋಟಿನ ಜೇಬಿಗೆ ಕೈ ಹಾಕಿದ ಫುಮಿಯೆ ಹಾಗೇ ನಿಂತುಬಿಟ್ಟಳು. ಒದ್ದೆ ಜೊಂಡಿನ ವಾಸನೆ. ಅವಳು ಚಿಕ್ಕವಳಿದ್ದಾಗ ಅಪ್ಪ ತಟ್ಟಿ ಹೆಣೆಯಲು ಜೊಂಡು ಕೊಯ್ದು ತಂದು ಅಂಗಳದಲ್ಲಿ ಹೊರೆ ಇಳಿಸಿದರೆ ಮನೆಯೆಲ್ಲ ತುಂಬುತ್ತಿದ್ದ ವಾಸನೆ ಇದೇ. ಸ್ವಲ್ಪ ಕೆಸರು, ಸ್ವಲ್ಪ ಬಿಸಿಲು. ಜೇಬಿನಲ್ಲಿ ಲೆನ್ಸ್ ಒರೆಸುವ ಬಟ್ಟೆಯಿತ್ತು, ಎರಡು ಶುಂಠಿ ಪೆಪ್ಪರಮಿಂಟು ಇದ್ದವು. ಫೋಟೊ ಇರಲಿಲ್ಲ.

"ಸಿಕ್ತೇನೇ?" ಹಜಾರದಿಂದ ಕೂಗಿದರು ಕಿನುವೆ, ಗಂಡನ ಅಕ್ಕ.

"ಇಲ್ಲ ಅತ್ತಿಗೆ."

"ನಲವತ್ತೆರಡು ಸಾವಿರ ಫೋಟೊ ತೆಗ್ದಿದಾನೆ ನನ್ನ ತಮ್ಮ. ಒಂದರಲ್ಲಾದ್ರೂ ಒಬ್ಬ ಮನುಷ್ಯ ಬೇಡ್ವೇನೇ!"

ಅಂತ್ಯಕ್ರಿಯೆ ಮಧ್ಯಾಹ್ನ ಒಂದಕ್ಕೆ. ಹೂಗಳ ನಡುವೆ ಇಡಬೇಕಾದ ದೊಡ್ಡ ಚಿತ್ರ ಬೆಳಿಗ್ಗೆಯೇ ಬಂದಿತ್ತು. ಬೇರೇನೂ ಸಿಗದೆ ಡ್ರೈವಿಂಗ್ ಲೈಸೆನ್ಸಿನ ಫೋಟೊವನ್ನೇ ಹಿಗ್ಗಿಸಿ, ಕರಿ ಕೋಟು ತೊಡಿಸಿ, ಹಿಂದೆ ನೀಲಿ ಆಕಾಶ ಅಂಟಿಸಿದ್ದರು. ಅದನ್ನು ನೋಡಿದವಳೇ ಫುಮಿಯೆ, "ಇವರು ಯಾರು?" ಎಂದಿದ್ದಳು.

"ನಿನ್ನ ಗಂಡನೇ," ಎಂದಿದ್ದರು ಕಿನುವೆ. "ಕದ್ದ ಕೋಳಿ ಕಂಕುಳಲ್ಲಿ ಇಟ್ಕೊಂಡ ಹಾಗೆ ಕಾಣ್ತಾನೆ, ಅಷ್ಟೆ."

"ನಲವತ್ತೆಂಟು ವರ್ಷ ಎದುರು ಕೂತು ಊಟ ಮಾಡಿದೀನಿ ಅತ್ತಿಗೆ. ಈ ಮುಖ ನಾನು ನೋಡೇ ಇಲ್ಲ. ಇದಕ್ಕೆ ದಿನಾ ಧೂಪ ಹಚ್ಚು ಅಂದ್ರೆ ನನ್ನ ಕೈಲಾಗಲ್ಲ."

ಸಂಸ್ಕಾರದ ಏರ್ಪಾಟು ಹೊತ್ತಿದ್ದ ಮಿಗಿತ ಎಂಬ ಹೆಂಗಸು ಗಡಿಯಾರ ನೋಡಿ, ಹನ್ನೊಂದರೊಳಗೆ ಬೇರೆ ಫೋಟೊ ಕೊಟ್ಟರೆ ಬದಲಾಯಿಸಬಹುದು ಎಂದಿದ್ದರು. ಗಂಡನ ಜೊತೆ ಕೆರೆಯ ದಂಡೆಯಲ್ಲಿ ಕೂತು ಹಕ್ಕಿಗಳ ಫೋಟೊ ತೆಗೆಯುತ್ತಿದ್ದ ಗೆಳೆಯರಿಗೆ ಫುಮಿಯೆ ಫೋನು ಮಾಡಿದ್ದಳು.

ಹತ್ತು ಗಂಟೆಗೆ ಇಬ್ಬರು ಬಂದರು. ನಿವೃತ್ತ ಹಲ್ಲಿನ ಡಾಕ್ಟರು ಇಸೆಝಾಕಿ, ಕಂಪ್ಯೂಟರನ್ನು ಮಗುವಿನ ಹಾಗೆ ಎದೆಗವಚಿಕೊಂಡು. ಜೊತೆಗೆ ತೋಫು ಅಂಗಡಿಯ ನಾಗುಮೊ. ಶವಪೆಟ್ಟಿಗೆಗೆ ನಮಸ್ಕರಿಸಿ, ಮೂಗು ಒರೆಸಿಕೊಂಡು, ಚಾಪೆಯ ಮೇಲೆ ಕೂತು ಹುಡುಕಲು ಶುರು ಮಾಡಿದರು.

"ಇದರಲ್ಲಿ ಇದಾರೆ," ಎಂದರು ಡಾಕ್ಟರು.

"ಎಲ್ಲಿ? ಅದು ಬಾತುಕೋಳಿ," ಎಂದರು ನಾಗುಮೊ.

"ಬಾತುಕೋಳಿಯ ಎಡಕ್ಕೆ ನೋಡಿ. ಮೊಣಕೈ."

"ಮೊಣಕೈಗೆ ಕೈ ಮುಗಿಯೋಕಾಗುತ್ತೇನ್ರೀ ಡಾಕ್ಟ್ರೇ?" ಎಂದರು ಕಿನುವೆ.

ಇನ್ನೊಂದರಲ್ಲಿ ಟೋಪಿ. ಮತ್ತೊಂದರಲ್ಲಿ ಬೆನ್ನು. ನಾಗುಮೊ ಹೇಳಿದರು, "ಬೆನ್ನು ಚೆನ್ನಾಗಿ ಬಂದಿದೆ. ನೋಡಿದ ತಕ್ಷಣ ಕುರಾತರೇ ಅಂತ ಗೊತ್ತಾಗುತ್ತೆ."

"ಆರು ಚಳಿಗಾಲ ಒಟ್ಟಿಗೆ ಕೂತ್ರಲ್ಲ, ಒಬ್ಬರ ಮುಖ ಒಬ್ಬರು ನೋಡ್ಲಿಲ್ವಾ?" ಫುಮಿಯೆ ಕೇಳಿದಳು.

ಇಬ್ಬರೂ ನಿಜವಾಗಿಯೂ ಯೋಚಿಸಿದರು. "ಎಲ್ಲರೂ ಜೊಂಡಿನ ಕಡೆಗೇ ಕೂತ್ಕೊಳ್ತಿದ್ವಿ," ಎಂದರು ಡಾಕ್ಟರು.

*

ಆ ಕೆರೆಯ ಒಂದು ಬದಿಗೆ ರೈಲು ಹಳಿ, ಇನ್ನೊಂದು ಬದಿಗೆ ಟೈರು ಅಂಗಡಿ. ಕುರಾತರು ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ ಒಮ್ಮೆ, ಸೇತುವೆಯ ಮೇಲಿಂದ, ಜೊಂಡಿನ ನಡುವೆ ದೊಡ್ಡ ಗುಪ್ಪಿಯನ್ನು ಕಂಡಿದ್ದರು. ಬಕದ ಜಾತಿಯ, ಜೊಂಡಿನದೇ ಬಣ್ಣದ ಹಕ್ಕಿ. ಮನುಷ್ಯರ ಸುಳಿವು ಸಿಕ್ಕರೆ ಕೊಕ್ಕು ಆಕಾಶಕ್ಕೆತ್ತಿ ಕಡ್ಡಿಯಾಗಿಬಿಡುತ್ತದೆ. ಗಾಳಿಗೆ ಜೊಂಡು ತೂಗಿದರೆ ತಾನೂ ತೂಗುತ್ತದೆ. ಬಸ್ಸಿನಲ್ಲಿ ಹನ್ನೊಂದು ಜನರಿದ್ದರು, ನಿಲ್ಲಿಸುವಂತಿರಲಿಲ್ಲ. ನಿವೃತ್ತಿಯಾದ ಮರುದಿನವೇ ಮಡಚುವ ಕುರ್ಚಿ ಕೊಂಡು ಅಲ್ಲಿ ಹೋಗಿ ಕೂತರು. ಆ ಹಕ್ಕಿ ಮಾತ್ರ ಮತ್ತೆಂದೂ ಅವರ ಕಣ್ಣಿಗೆ ಬೀಳಲಿಲ್ಲ.

ಮೂರು ವರ್ಷದ ಹಿಂದೆ, ಫೆಬ್ರವರಿಯ ಒಂದು ಬೆಳಿಗ್ಗೆ. ಕುರಾತರು ಮುಂದೆ, ಡಾಕ್ಟರು ನಾಲ್ಕು ಮಾರು ಹಿಂದೆ. ಎರಡು ಗಂಟೆ ಯಾರೂ ಕೆಮ್ಮಿರಲಿಲ್ಲ. ಆಗ ಡಾಕ್ಟರು ಹಸಿವು ತಡೆಯಲಾರದೆ ಅಕ್ಕಿಯ ಗರಿಗರಿ ಬಿಸ್ಕತ್ತಿನ ಪೊಟ್ಟಣ ಹರಿದರು. ಆ ಸದ್ದು ಟೈರು ಅಂಗಡಿಗೂ ಕೇಳಿಸಿತು. ಕುರಾತರು ತಿರುಗಿ ತುಟಿಯ ಮೇಲೆ ಬೆರಳಿಟ್ಟರು. ಬೆಚ್ಚಿದ ಡಾಕ್ಟರ ಬೆರಳು ಕ್ಯಾಮೆರಾದ ಗುಂಡಿಯನ್ನು ಒತ್ತಿಬಿಟ್ಟಿತು.

"ತಪ್ಪಾಯ್ತು," ಪಿಸುಗುಟ್ಟಿದರು ಡಾಕ್ಟರು.

"ನಂಗೂ ಒಂದು ಕೊಡಿ," ಪಿಸುಗುಟ್ಟಿದರು ಕುರಾತರು. ಬಾಯಿಗಿಟ್ಟುಕೊಂಡು, ಕಡಿಯದೆ, ಅದು ತಾನಾಗಿ ಮೆತ್ತಗಾಗುವವರೆಗೆ ಕಾದರು.

*

"ತಡೀರಿ!" ಎಂದಳು ಫುಮಿಯೆ.

ಪರದೆಯ ಮೇಲೆ ಕುರಾತರಿದ್ದರು. ಪೂರ್ತಿ ಮುಖ. ತುಟಿಯ ಮೇಲೆ ಬೆರಳು. ಆದರೆ ಕಣ್ಣು ಬೈಯುತ್ತಿರಲಿಲ್ಲ, ನಗುತ್ತಿತ್ತು.

"ಇವರೇ. ಇದನ್ನೇ ಇಡಿ."

"ಅಯ್ಯೋ, ಬಾಯಿ ಮುಚ್ಚು ಅಂತಿದಾನಲ್ಲೇ!" ಕಿನುವೆ ಹಣೆ ಚಚ್ಚಿಕೊಂಡರು. "ಮಂತ್ರ ಹೇಳೋಕೆ ಬರೋ ಗುರುಗಳ ಗತಿ ಏನೇ?"

"ಮೆಲ್ಲಗೆ ಹೇಳ್ಲಿ."

ಅಷ್ಟರಲ್ಲಿ ನಾಗುಮೊ ಕನ್ನಡಕ ಏರಿಸಿಕೊಂಡು ಮುಂದಕ್ಕೆ ಬಾಗಿದರು. "ಡಾಕ್ಟ್ರೇ, ಅವರ ಬಲಗಿವಿ ಪಕ್ಕ ಸ್ವಲ್ಪ ದೊಡ್ಡದು ಮಾಡಿ."

ದೊಡ್ಡದು ಮಾಡಿದರು. ಜೊಂಡು. ಇನ್ನಷ್ಟು ಜೊಂಡು. ಅದರ ನಡುವಿನ ಒಂದು ಕಡ್ಡಿಗೆ ಕಣ್ಣಿತ್ತು.

ಕೊಕ್ಕು ಮೇಲೆತ್ತಿ, ಗೀರುಗೀರಾದ ಕತ್ತು ನೀಡಿ, ಕುರಾತರ ಬೆನ್ನ ಹಿಂದೆ ಹತ್ತೇ ಹೆಜ್ಜೆ ದೂರದಲ್ಲಿ ದೊಡ್ಡ ಗುಪ್ಪಿ ನಿಂತಿತ್ತು.

ಮಿಗಿತ ಒಳಗೆ ಬಂದು ಇಣುಕಿದರು. "ಚೆನ್ನಾಗಿದೆ. ಹಿಂದಿನ ಹುಲ್ಲು ತೆಗೆದು ಆಕಾಶ ಹಾಕಿಬಿಡ್ತೀವಿ."

"ಹುಲ್ಲು ಮುಟ್ಟಬೇಡಿ!" ಫುಮಿಯೆ, ನಾಗುಮೊ ಒಟ್ಟಿಗೇ ಕೂಗಿದರು. ಕಿನುವೆಯೂ ಕೂಗಿದರು, ಅದು ಅವರಿಗೇ ಆಶ್ಚರ್ಯವಾಯಿತು.

ಡಾಕ್ಟರು ಮಾತ್ರ ಕೂಗಲಿಲ್ಲ. "ಮೂರು ವರ್ಷ ನನ್ನ ಹತ್ರಾನೇ ಇತ್ತು," ಎಂದರು. "ಹಕ್ಕಿ ಇಲ್ಲದ ಚಿತ್ರ ಅಂತ ಬದಿಗಿಟ್ಟಿದ್ದೆ. ಒಂದು ಸಲ ದೊಡ್ಡದು ಮಾಡಿದ್ದಿದ್ರೆ..."

ಅಂತ್ಯಕ್ರಿಯೆ ಸಮಯಕ್ಕೆ ಸರಿಯಾಗಿ ನಡೆಯಿತು. ಗುರುಗಳು ಚಿತ್ರ ನೋಡಿ ಗಂಟಲು ಸರಿಪಡಿಸಿಕೊಂಡು, ಮಂತ್ರವನ್ನು ಎಂದಿಗಿಂತ ಮೆಲ್ಲಗೆ ಶುರು ಮಾಡಿದರು. ಸುದ್ದಿ ಹೇಗೋ ಹಬ್ಬಿತ್ತು. ಧೂಪ ಹಾಕಲು ಬಂದ ಕೆರೆಯ ಗೆಳೆಯರು ಒಬ್ಬೊಬ್ಬರೂ ಕುರಾತರಿಗೆ ತಲೆ ಬಾಗಿಸಿ, ಎದ್ದು, ಕತ್ತನ್ನು ಕೊಂಚ ಎಡಕ್ಕೆ ವಾಲಿಸಿ ನಿಂತುಬಿಡುತ್ತಿದ್ದರು. ಸಾಲು ಬಾಗಿಲು ದಾಟಿ ಬೆಳೆಯಿತು.

"ಯಾರನ್ನು ನೋಡೋಕೆ ಬಂದಿದಾರೋ ಇವರು," ಗೊಣಗಿದರು ಕಿನುವೆ. ಆಮೇಲೆ ತಾವೂ ಹೋಗಿ ಎಡಕ್ಕೆ ವಾಲಿ ನೋಡಿ ಬಂದರು.

ದಹನ ಮುಗಿಸಿ ಬಂದ ಮೇಲೆ ಎಲ್ಲರೂ ಊಟಕ್ಕೆ ಕೂತರು. ಪದ್ಧತಿಯಂತೆ ಚಿತ್ರದ ಮುಂದೆ ಹೋದವರ ಪಾಲಿನ ತಟ್ಟೆಯನ್ನೂ ಇಟ್ಟಿದ್ದರು: ಅನ್ನ, ಬೇಯಿಸಿದ ಕಮಲದ ದಂಟು, ಸಿಹಿ ಮೊಟ್ಟೆಯ ತುಂಡು, ಸಾರು. ಡಾಕ್ಟರ ಜಾಗ ಖಾಲಿಯಿತ್ತು.

"ಇಲ್ಲಿ ಕೂತು ಉಣ್ಣೋಕೆ ನಂಗೆ ಮುಖ ಇಲ್ಲ ಅಂತ ಹೊರಗೆ ಹೋದ್ರು," ಎಂದರು ನಾಗುಮೊ. "ತಮ್ಮ ತಟ್ಟೆ ವಾಪಸ್ ಕಳಿಸಿಬಿಟ್ರು."

ಕಿಟಕಿಯಾಚೆ, ಚಪ್ಪಲಿ ಗೂಡಿನ ಪಕ್ಕದ ಬೆಂಚಿನಲ್ಲಿ, ಕರಿ ಕೋಟಿನ ಡಾಕ್ಟರು ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದರು.

ಫುಮಿಯೆ ಎದ್ದು ಚಿತ್ರದ ಮುಂದಿನ ತಟ್ಟೆಯನ್ನು ಎತ್ತಿಕೊಂಡಳು.

"ಏ, ಅದು ಅವನ ಪಾಲು..." ಎಂದರು ಕಿನುವೆ. ಅಷ್ಟು ಹೇಳಿ, ತಾವೇ ಎದ್ದು ಬಾಗಿಲು ಸರಿಸಿ ಹಿಡಿದರು.

ಸಾರಿನ ಬಟ್ಟಲು ಇನ್ನೂ ಬಿಸಿಯಾಗಿತ್ತು. ಫುಮಿಯೆ ತಟ್ಟೆಯನ್ನು ಡಾಕ್ಟರ ಮಂಡಿಯ ಮೇಲಿಟ್ಟು, ಬಟ್ಟಲಿನ ಮುಚ್ಚಳ ತೆಗೆದು, ಊಟದ ಕಡ್ಡಿಗಳನ್ನು ಅವರ ಬೆರಳುಗಳ ನಡುವೆ ಸಿಕ್ಕಿಸಿದಳು.